ಇಪ್ಪತ್ತೈದು ಮಿನಿಟಿನ ಚಿಕ್ಕಿ

‘ನಿಮ್ಮ ಗಡಿಯಾರ ಹಿಂದ ಐತ್ರಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹಂಪಣ್ಣ ಮಾಸ್ತರರಿಗೆ ಕಾದ ಬಾಣಲೆಗೆ ನೀರು ಸಿಡಿದಂತಾಗುತ್ತಿತ್ತು. ಆ ಶನಿವಾರ ಆ ಮಾತನ್ನು ಮೊದಲು ಆಡಿದವಳು ಹೆಂಡತಿ ಶೇಖರಮ್ಮ. ಅದೂ ಅವರು ಹಲ್ಲುಜ್ಜುತ್ತಿದ್ದಾಗ.

“ಲಗೂ ಮಾಡ್ರಿ, ಇವತ್ತ ಮುಂಜಾನಿ ಸಾಲಿ. ನಿಮ್ಮ ಗಡಿಯಾರ ಹಿಂದ ಐತ್ರಿ.”

ಮಾಸ್ತರರು ಬಾಯೊಳಗಿನ ನೊರೆ ಉಗುಳಿದರು. “ನನ್ನ ಗಡಿಯಾರ ಹಿಂದಿಲ್ಲ. ನಿಮ್ಮ ಕುಷ್ಟಗಿ ಮುಂದ ಐತಿ!”

ಶೇಖರಮ್ಮ ವಾದಕ್ಕೆ ನಿಲ್ಲಲಿಲ್ಲ. ಮೂರು ಮಕ್ಕಳ ತಲೆಗೆ ಇರುವ ಒಂದೇ ಬಾಚಣಿಗೆ ಕಳೆದುಹೋಗಿತ್ತು. ಅವಳಿಗೆ ಅದು ಊರಿನ ವೇಳೆಗಿಂತ ದೊಡ್ಡ ಪ್ರಶ್ನೆ.

ಮಾಸ್ತರರ ಮೊಂಡುತನಕ್ಕೆ ಒಂದು ಇತಿಹಾಸವಿತ್ತು. ಐದು ವರ್ಷದ ಹಿಂದೆ, ಸಂಜೆಗೆ ಮೊದಲೇ ಕತ್ತಲು ಕವಿದ ಆ ದೊಡ್ಡ ಸೂರ್ಯಗ್ರಹಣದ ದಿನಗಳಲ್ಲಿ, ಅವರು ಮನೆಯ ಟ್ರಾನ್ಸಿಸ್ಟರಿನ ‘ಪಿಪ್ ಪಿಪ್’ ಜೊತೆ ಎದುರಿನ ಎಣ್ಣೆ ಗಿರಣಿಯ ಸಂಜೆಯ ಸೈರನ್, ಅಂದರೆ ಭೋಂಗಾವನ್ನು ತಾಳೆ ನೋಡಿದ್ದರು. ಕೂದಲೆಳೆಯ ಫರಕಿರಲಿಲ್ಲ. ಮುಂದೆ ತಂಗಿಯ ಮದುವೆಯಲ್ಲಿ ಅಳಿಯದೇವರು ಟ್ರಾನ್ಸಿಸ್ಟರು ಇಲ್ಲದೆ ತಾಳಿ ಕಟ್ಟುವುದಿಲ್ಲ ಎಂದದ್ದರಿಂದ ಅದು ಮದುಮಗಳ ಜೊತೆಗೇ ಹೋಯಿತು. ಅಂದಿನಿಂದ ಮಾಸ್ತರರು ಪ್ರತಿ ಸಂಜೆ ಗಿರಣಿ ಬಿಡುವ ಆರರ ಭೋಂಗಾಕ್ಕೆ ತಮ್ಮ ಕೈಗಡಿಯಾರ ಕೂಡಿಸುತ್ತಿದ್ದರು. ಆ ಗಡಿಯಾರದ ಪ್ರಕಾರ ಮುಂಜಾನೆಯ ಭೋಂಗಾ ಮಾತ್ರ ಬಹಳ ಬೇಗ ಊದುತ್ತಿತ್ತು. ಅದಕ್ಕೂ ಅವರಲ್ಲಿ ಉತ್ತರವಿತ್ತು: “ಕೂಲಿಗಳನ್ನ ಲಗೂ ಕರಿಯಾಕ ಸಾವ್ಕಾರ ಮೋಸ ಮಾಡ್ತಾನ. ಆದ್ರ ಬಿಡೋ ಹೊತ್ತಿಗೆ ತಡಾ ಮಾಡಿದ್ರ ಕೂಲಿಗಳು ಸುಮ್ಮನಿರ್ತಾರೇನು? ಸಂಜಿ ಭೋಂಗಾ ಅಂದ್ರ ಸತ್ಯ!”

ಈ ಸತ್ಯದಿಂದ ಅವರು ದಿನಾ ಸಾಲೆಗೆ ತಡವಾಗಿ ಹೋಗುತ್ತಿದ್ದರು. ಯಾರಾದರೂ ಅವರನ್ನು ವೇಳೆ ಕೇಳಿದರೆ, ಅವರು ಹೇಳಿದ್ದಕ್ಕೆ ಇಪ್ಪತ್ತೈದು ಮಿನಿಟು ಕೂಡಿಸಿಕೊಳ್ಳುವುದು ಸಾಲೆಯ ಮಕ್ಕಳಿಂದ ಹೆಡ್‌ಮಾಸ್ತರರ ತನಕ ರೂಢಿಯಾಗಿತ್ತು. ಅದು ಗೊತ್ತಾದಾಗಲೆಲ್ಲ ಮಾಸ್ತರರೊಳಗೆ ಒಂದು ಸಂಶಯ ತಲೆ ಎತ್ತುತ್ತಿತ್ತು. ಕೂಡಲೇ ಆಕಾಶದ ತಮ್ಮ ಚಿಕ್ಕಿ ನೆನಪಾಗಿ, ಆ ಸಂಶಯದ ತಲೆಗೆ ಒಂದು ಕುಕ್ಕುತ್ತಿದ್ದರು.

ಆ ಚಿಕ್ಕಿಯೇ ಅವರ ಪ್ರಾಣ. ಕೃತ್ತಿಕೆಯ ಬಳಿ, ಬರಿಗಣ್ಣಿಗೆ ಕಾಣದ ಒಂದು ಮಸುಕು ಚಿಕ್ಕಿ, ಅಂದರೆ ನಕ್ಷತ್ರ. ಅದು ಒಂದಲ್ಲ, ಎರಡು. ಒಂದನ್ನೊಂದು ಸುತ್ತುತ್ತ, ಕೆಲವೇ ತಾಸಿಗೊಮ್ಮೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಆ ಗ್ರಹಣ ಯಾವಾಗ ಆಗಬೇಕೆಂದು ಲೆಕ್ಕ ಹಾಕಬಹುದು. ಆದರೆ ಮಾಸ್ತರರ ಕಣ್ಣಿಗೆ ಅದು ವರ್ಷದಿಂದ ವರ್ಷಕ್ಕೆ ಲೆಕ್ಕಕ್ಕಿಂತ ಮೊದಲೇ ಆಗುತ್ತ ಬಂದು, ಈಗ ಪೂರಾ ಇಪ್ಪತ್ತೈದು ಮಿನಿಟು ಮುಂಚೆ ಆಗುತ್ತಿತ್ತು. ಅಂದರೆ ಚಿಕ್ಕಿಗಳ ಸುತ್ತಿನ ಕಾಲವೇ ಕುಗ್ಗುತ್ತಿದೆ! ಜಗತ್ತಿನಲ್ಲಿ ಇಂಥ ಚಿಕ್ಕಿಗಳು ಇಷ್ಟು ಬದಲಾಗಲು ಮನುಷ್ಯನ ಆಯುಷ್ಯ ಸಾಲದು. ಹೈದರಾಬಾದಿನ ಒಬ್ಬ ಪ್ರೊಫೆಸರಿಗೆ ಅವರು ಬರೆದ ಪತ್ರಗಳಿಗೆ ಲೆಕ್ಕವಿರಲಿಲ್ಲ; ಗಡಿಯಾರವನ್ನು ದಿನಾ ಗಿರಣಿಯ ಭೋಂಗಾಕ್ಕೆ ಕೂಡಿಸುತ್ತೇನೆಂದೂ ಬರೆದಿದ್ದರು. ಕಡೆಗೂ ಉತ್ತರ ಬಂತು: ರಾಯಚೂರಿಗೆ ಪರೀಕ್ಷೆಯ ಕೆಲಸಕ್ಕೆ ಬರುತ್ತಿದ್ದೇನೆ, ಶನಿವಾರ ನಾಲ್ಕರ ಬಸ್ಸಿಗೆ ಕುಷ್ಟಗಿಗೆ ಬರುತ್ತೇನೆ, ನಿಮ್ಮ ಮಾತು ನಿಜವಾದರೆ ಪ್ರಬಂಧದ ಮೇಲೆ ಮೊದಲ ಹೆಸರು ನಿಮ್ಮದು.

ಸಂಬಳದ ಪಟ್ಟಿ ಓದುವಾಗ ಬಿಟ್ಟರೆ ತಮ್ಮ ಹೆಸರನ್ನು ಯಾರೂ ಗಟ್ಟಿಯಾಗಿ ಓದದ ಮನುಷ್ಯನಿಗೆ ಅದು ಎಂಥ ಮಾತು!

ಚಿಕ್ಕಿ ನೋಡುವ ತಮ್ಮ ದುರ್ಬೀನಿಗೆ ಕೈಮುಗಿದು ಸಾಲೆಗೆ ಹೋಗೋಣವೆಂದು ಮಾಳಿಗೆ ಹತ್ತಿದರೆ, ಅದಕ್ಕೆ ಬಿಳಿ ಗಡ್ಡ ಬಂದಿತ್ತು. ಮನೆಯ ಮಾಲಕಿ ಗುರುಲಿಂಗಮ್ಮ, ಅಂದರೆ ಎದುರಿನ ಎಣ್ಣೆ ಗಿರಣಿಯ ಸಾವ್ಕಾರ ಕೊಟ್ರಬಸಪ್ಪನ ಹೆಂಡತಿ, ದುರ್ಬೀನಿನ ಉದ್ದನೆಯ ತಗಡಿನ ಕೊಳವೆಯ ಮೇಲೆ ಹಸಿ ಶಾವಿಗೆ ಇಳಿಬಿಟ್ಟು ಒಣಹಾಕಿದ್ದಳು.

“ಅಕ್ಕಾರ, ಇದೇನ್ರಿ!”

“ಶಾವಿಗಿ. ಕಾಣೂದಿಲ್ಲೇನು? ನಿಮ್ಮ ಕೊಳವಿ ಹಗಲೆಲ್ಲಾ ಸುಮ್ನ ಬಿದ್ದಿರತೈತಿ. ಒಂದ್ ಕೋಲಿನ ಕೆಲಸನರ ಮಾಡ್ಲಿ.”

“ಎರಡು ವರ್ಷ ಕೈಯಿಂದ ಕನ್ನಡಿ ಉಜ್ಜಿ ಮಾಡಿದ ದುರ್ಬೀನ್ರಿ ಅದು!”

“ಹಂಗಾರ ನಾ ಏನು ಕಾಲಿನಿಂದ ಶಾವಿಗಿ ಹೊಸೆದೀನೇನು?”

ಮಾಸ್ತರರು ಶಾವಿಗೆ ಕಿತ್ತರು. ಅರ್ಧ ಮುರಿದು ಮಾಳಿಗೆಯ ತುಂಬ ಚೆಲ್ಲಿತು. ಗುರುಲಿಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಬರಲಿ ಇವತ್ತ ನಿಮ್ಮ ದೊಡ್ಡ ಮನಶ್ಯಾ. ಮಾಳಿಗಿ ಹೆಂಗ ಹತ್ತತೀರಿ ನೋಡ್ತೀನಿ!”

ಸಾಲೆಗೆ ಹೋದಾಗ ಪ್ರಾರ್ಥನೆ ಮುಗಿದು ಮೊದಲ ತಾಸೂ ಅರ್ಧ ಕಳೆದಿತ್ತು. ಹೆಡ್‌ಮಾಸ್ತರ್ ವೆಂಕೋಬಪ್ಪ ವರ್ಗದ ಬಾಗಿಲಲ್ಲೇ ನಿಂತಿದ್ದರು.

“ಹಂಪಣ್ಣ, ನಿಮ್ಮ ಓಣಿಗೆ ಬ್ಯಾರೆ ಸೂರ್ಯ ಹುಟ್ತಾನೇನ್ರಿ?”

“ಸರ್, ಸಾಲಿ ಗಡಿಯಾರ ಮುಂದ ಐತಿ.”

“ರೇಡಿಯೋಕ್ಕ ಕೂಡಿಸೀನಿ.”

“ಹಂಗಾರ ರೇಡಿಯೋ ಮುಂದ ಐತಿ!”

ಹಿಂದಿನ ಬೆಂಚಿನ ನಗು ಮುಂದಿನ ಬೆಂಚಿಗೆ ಬರುವಷ್ಟರಲ್ಲಿ ಮಾಸ್ತರರು ಇಬ್ಬರನ್ನು ಹೊರಗೆ ನಿಲ್ಲಿಸಿದ್ದರು. ಅಂದು ಕಲಿಸಿದ್ದು ಬೆಳಕಿನ ವಕ್ರೀಭವನ. ಮಕ್ಕಳಿಗೆ ಕಂಡದ್ದು ಮಾಸ್ತರರ ಮೂಗಿನ ವಕ್ರತೆ ಮಾತ್ರ.

ಮಧ್ಯಾಹ್ನ, ಇದ್ದ ಒಂದೇ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ಕೈಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಹತ್ತು ಮಿನಿಟು ಇತ್ತು. ಚಹಾದಂಗಡಿಯ ಮಕ್ಬುಲಸಾಬ ಬಸಿಯಲ್ಲಿ ಚಹಾ ಸುರಿಯುತ್ತ ಕೇಳಿದ: “ಯಾರನ್ನ ಕಾಯಾಕತ್ತೀರಿ ಮಾಸ್ತರ?”

“ರಾಯಚೂರು ಬಸ್ಸು.”

“ಅದು ಬಂದ್ ಹೋಗಿ ಹದಿನೈದು ಮಿನಿಟಾತಲ್ರಿ.”

“ನಾಕರ ಬಸ್ಸು ನಾಕಕ್ಕ ಮೊದಲ ಹೆಂಗ ಹೋಗತೈತೋ ಮಕ್ಬುಲ್?”

“ನಿಮ್ಮ ಗಡಿಯಾರ—”

“ಬಾಯಿ ಮುಚ್ಚು!”

ಅಲ್ಲಿಂದ ನೇರ ಕಂಟ್ರೋಲರನ ಕಿಟಕಿಗೆ ಹೋದರು. ಕಂಟ್ರೋಲರನೂ ಅದೇ ಮಾತು ಹೇಳಿದ. ಹಾಗಾದರೆ ಸರಕಾರದ ಬಸ್ಸು ವೇಳೆಗೆ ಮೊದಲೇ ಬಿಟ್ಟದ್ದೇಕೆ ಎಂದು ಮಾಸ್ತರರು ಲಿಖಿತ ಉತ್ತರ ಕೇಳಿದರು. ಅವನು ಹಲ್ಲು ಕಿರಿದ. “ಈ ಗಡಿಯಾರ ಐದು ವರ್ಷದಾಗ ಒಂದ್ ಸೆಕೆಂಡ್ ತಪ್ಪಿಲ್ಲ, ತಿಳೀತೇನು!” ಎಂದು ಮಾಸ್ತರರು ಮಣಿಕಟ್ಟನ್ನು ಕಿಟಕಿಯ ಕಟ್ಟೆಗೆ ಅಪ್ಪಳಿಸಿದರು. ಗಡಿಯಾರ ‘ಟಕ್’ ಎಂದು ನಿಂತುಹೋಯಿತು.

ಸಿಟ್ಟು ಮಾತ್ರ ನಡೆದೇ ಇತ್ತು. ನಾಲ್ಕರ ಬಸ್ಸು ಇನ್ನೂ ಬಂದೇ ಇಲ್ಲವೆಂದು ಸಾಧಿಸಲು ಅವರು ಕಂಬಕ್ಕೊರಗಿ ನಿಂತರು. ಬಂದ ಪ್ರತಿ ಬಸ್ಸಿನೊಳಗೂ ಇಣುಕಿದರು. ಕಡೆಗೆ ಹೊತ್ತು ಇಳಿಯುವಾಗ ಮಕ್ಬುಲಸಾಬನಿಗೇ ಕರುಣೆ ಬಂತು.

“ಮಾಸ್ತರ, ನೀವು ಬೈದ್ರೂ ಬೈರಿ, ಹೇಳೇಬಿಡ್ತೀನಿ. ಆ ಬಸ್ಸಿನ್ಯಾಗ ಒಬ್ರು ಕನ್ನಡಕದ ಸಾಹೇಬ್ರು ಇಳದ್ರು. ಕೈಯಾಗ ಒಂದ್ ಪೆಟಿಗಿ. ಯಾರನ್ನೋ ಹುಡುಕಿದ್ರು, ಯಾರೂ ಬರಲಿಲ್ಲ. ಆಮ್ಯಾಲ ನನ್ನ ಕೇಳಿದ್ರು, ‘ಇಲ್ಲಿ ಎಣ್ಣಿ ಗಿರಣಿ ಭೋಂಗಾ ಸರಿಯಾದ ಟೈಮಿಗೆ ಊದತೈತೇನಪಾ?’ ಅಂತ. ನಾನ ಓಡಿಹೋಗಿ ಸಾವ್ಕಾರ್ರಿಗೆ ಹೇಳಿದೆ. ಅವರು ಬರಿಗಾಲಿಲೆ ಓಡಿಬಂದು ಕೈಹಿಡದು ಕರ್ಕೊಂಡು ಹೋದ್ರು.”

ಮಾಸ್ತರರು ಗಿರಣಿಗೆ ಓಡಿದರು. ಅಲ್ಲಿಯ ನೋಟ ಕಂಡು ಅವರ ಸಿಟ್ಟೂ ಕ್ಷಣಹೊತ್ತು ದಾರಿ ತಪ್ಪಿತು. ಬೇಡಿದವನಿಗೆ ನೀರೂ ಕೊಡದ ಕೊಟ್ರಬಸಪ್ಪ, ಪ್ರೊಫೆಸರರನ್ನು ತನ್ನ ಗಾದಿಯ ಮೇಲೆ ಕೂಡಿಸಿ, ಮುಂದೆ ಮಂಡಾಳು, ಮಿರ್ಚಿ, ಬಾಳೆಹಣ್ಣು, ಕೆನೆಹಾಲು ಇಟ್ಟು, ತಾನು ನಿಂತು ಬೀಸಣಿಗೆ ಬೀಸುತ್ತಿದ್ದ. ವಿಜ್ಞಾನಕ್ಕೆ ಈ ಊರಲ್ಲಿ ಕಡೆಗೂ ಮರ್ಯಾದೆ ಬಂತೆಂದುಕೊಂಡರು ಮಾಸ್ತರರು.

“ಬನ್ನಿ ಮಾಸ್ತರರೇ,” ಎಂದರು ಪ್ರೊಫೆಸರರು. “ನಿಮ್ಮನ್ನು ಕಾದು ಸಾಕಾಯಿತು. ಇವರು ಬಹಳ ಉಪಚಾರ ಮಾಡಿದರು.”

ಕೊಟ್ರಬಸಪ್ಪ ಮಾಸ್ತರರ ಕಿವಿಯಲ್ಲಿ ಉಸುರಿದ. “ಸಾಹೇಬ್ರು ನಿಮ್ಮ ಪೈಕಿ ಅಂತ ಮೊದಲ ಹೇಳಬಾರದೇನ್ರಿ? ಇರ್ಲಿ, ಒಂದ್ ಮಾತು ನಮ್ಮ ಪರವಾಗಿ ಹೇಳ್ರಿ.”

ಅಷ್ಟರಲ್ಲಿ ಭೋಂಗಾ ಊದಿತು. ಪ್ರೊಫೆಸರರು ಪೆಟ್ಟಿಗೆ ತೆರೆದು, ಒಳಗಿನ ದೊಡ್ಡ ಗಡಿಯಾರ ನೋಡಿ ಹುಬ್ಬೇರಿಸಿದರು. “ಭಲೆ! ಸರಿಯಾಗಿ ಆರು. ಒಂದು ಸೆಕೆಂಡೂ ಆಚೀಚೆ ಇಲ್ಲ.”

“ನಾ ಹೇಳಿರಲಿಲ್ಲೇನ್ರಿ ಸರ್!” ಮಾಸ್ತರರು ಕುಣಿಯುವುದೊಂದು ಬಾಕಿ. ನಿಂತ ಕೈಗಡಿಯಾರವನ್ನು ಝಾಡಿಸಿ, ಕಿವಿಗೆ ಹಿಡಿದು, ಆರಕ್ಕೆ ತಿರುಗಿಸಿ ಕೀಲಿ ಕೊಟ್ಟರು. ಬೈಸಿಕೊಂಡ ಹುಡುಗನಂತೆ ಅದು ಓಡತೊಡಗಿತು. ಶೇಂಗಾ ಆರಿಸುವ ಹೆಂಗಸರು ಆಕಾಶ ನೋಡುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ ಹೊರಬಿದ್ದರು. ಊರಿಗೇ ಇವತ್ತು ಆಕಾಶದ ಹುಚ್ಚು ಹಿಡಿದಿದೆ ಎಂದು ಮಾಸ್ತರರಿಗೆ ಖುಷಿಯಾಯಿತು.

ಮಾಳಿಗೆಯ ಮೆಟ್ಟಿಲಲ್ಲಿ ಗುರುಲಿಂಗಮ್ಮ ಒಡ್ಡಿನಂತೆ ಕೂತಿದ್ದಳು. ಹಿಂದೆ ಬಂದ ಗಂಡ ಕಣ್ಣು ಬಿಟ್ಟು “ಏಳ!” ಎಂದದ್ದಕ್ಕೆ ಎದ್ದಳು, ಆದರೆ ತಮಾಷೆ ನೋಡಲು ತಾನೂ ಮೇಲೆ ಬಂದಳು. ಶೇಖರಮ್ಮ ಬಂದಳು, ಮಕ್ಕಳು ಬಂದರು, ಮಕ್ಬುಲಸಾಬ ಚಹಾದ ಕಿಟಲಿ ಸಮೇತ ಬಂದ. ಕತ್ತಲಾಯಿತು. ಲೆಕ್ಕದ ಪ್ರಕಾರ ಗ್ರಹಣ ಏಳೂ ನಲವತ್ತಕ್ಕೆ. ಮಾಸ್ತರರ ಪ್ರಕಾರ ಏಳೂ ಕಾಲಿಗೇ.

“ಏನ್ ಆಗತೈತ್ರಿ ಅಲ್ಲಿ?” ಎಂದ ಮಕ್ಬುಲಸಾಬ.

ಮಾಸ್ತರರು ಎದೆ ಉಬ್ಬಿಸಿದರು. “ಎರಡು ಚಿಕ್ಕಿ ಅದಾವ. ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದು ಸತ್ತ ಚಿಕ್ಕಿ. ಸತ್ತೈತಿ, ಹಸಿವು ಸತ್ತಿಲ್ಲ. ದೊಡ್ಡದರ ಮೈ ಜಗ್ಗಿ ಜಗ್ಗಿ ತಿಂತೈತಿ. ತಿಂದಂಗ ತಿಂದಂಗ ಅವು ಸುತ್ತೋ ಹೊತ್ತು ಬದಲಾಗತೈತಿ. ತಿಂದಿದ್ದು ಹೆಚ್ಚಾದ್ರ ಒಮ್ಮಿಂದೊಮ್ಮೆಲೆ ಭುಗಿಲ್ ಅಂತ ಉರೀತೈತಿ.”

“ಥೇಟ್ ನಿಮ್ಮಂಗ,” ಎಂದಳು ಗುರುಲಿಂಗಮ್ಮ.

ಏಳೂ ಕಾಲಾಯಿತು. ಪ್ರೊಫೆಸರರು ದುರ್ಬೀನಿಗೆ ಕಣ್ಣಿಟ್ಟಿದ್ದರು. “ಏನೂ ಆಗಿಲ್ಲ,” ಎಂದರು.

“ಈಗ ಮುಚ್ಚತೈತ್ರಿ ಸರ್.”

ಮುಚ್ಚಲಿಲ್ಲ. ಮಾಸ್ತರರು ತಾವೇ ನೋಡಿದರು. ಚಿಕ್ಕಿ ಹಾಯಾಗಿ ಹೊಳೆಯುತ್ತಿತ್ತು. ಕೊಳವೆಗೆ ಮೆತ್ತಿದ್ದ ಒಂದೆಳೆ ಶಾವಿಗೆ ಕಿತ್ತೆಸೆದು ಮತ್ತೆ ನೋಡಿದರು. ಚಿಕ್ಕಿ ಇನ್ನೂ ಹಾಯಾಗಿತ್ತು. ಮಕ್ಕಳು ಆಕಳಿಸಿದವು. ಚಹಾ ಮುಗಿಯಿತು. ಪ್ರೊಫೆಸರರ ಗಡಿಯಾರದಲ್ಲಿ ಏಳೂ ನಲವತ್ತಾಗುವ ಹೊತ್ತಿಗೆ, ಒಳ್ಳೆಯ ಸರಕಾರಿ ನೌಕರನಂತೆ, ಚಿಕ್ಕಿ ಮಂಕಾಗಿ ಮರೆಯಾಯಿತು.

ಪ್ರೊಫೆಸರರು ಕನ್ನಡಕ ಒರೆಸಿಕೊಂಡರು. ಅವರ ದನಿ ತಣ್ಣಗಿತ್ತು. “ನಿಮ್ಮ ಗಡಿಯಾರ ಸರಿ ಇದೆ. ಭೋಂಗಾ ಸರಿ ಇದೆ, ನಾನೇ ನೋಡಿದೆ. ಚಿಕ್ಕಿಯೂ ಸರಿ ಇದೆ. ಹಾಗಾದರೆ ಐದು ವರ್ಷದಿಂದ ನನಗೆ ಬರೆದು ಕಳಿಸಿದ ಅಂಕಿಗಳು ಎಲ್ಲಿಂದ ಬಂದವು, ಮಾಸ್ತರರೇ? ಮನೆಯಲ್ಲಿ ಕೂತು ಬರೆದಿರಾ?”

ಮಾಸ್ತರರು ದುರ್ಬೀನಿನ ಕೊಳವೆಯನ್ನು ಅಪ್ಪಿ ಹಿಡಿದರು. ಐದು ಚಳಿಗಾಲ ಗಂಟಲು ಕಟ್ಟಿಸಿಕೊಂಡು ನೋಡಿದ್ದು, ಸುಳ್ಳೆಂದೇ? ಕಳ್ಳ ಎನ್ನಿಸಿಕೊಳ್ಳುವುದಕ್ಕಿಂತ ಹುಚ್ಚ ಎನ್ನಿಸಿಕೊಳ್ಳುವುದು ಎಷ್ಟೋ ಮೇಲಾಗಿತ್ತು. ಶೇಖರಮ್ಮ ಮೆಲ್ಲಗೆ ಮಕ್ಕಳನ್ನು ಹತ್ತಿರ ಎಳೆದುಕೊಂಡಳು.

ಆಗ ದುರುಗವ್ವ ಮೇಲೆ ಬಂದಳು. ಗಿರಣಿಯಲ್ಲಿ ಹಗಲೆಲ್ಲ ಶೇಂಗಾ ಆರಿಸಿ, ಸಂಜೆ ಗುರುಲಿಂಗಮ್ಮನ ಮನೆಯ ಭಾಂಡೆ ತಿಕ್ಕುವವಳು.

“ಅವ್ವಾರ, ಭಾಂಡೆ ಎಲ್ಲಾ ಆತು, ನಾ ಹೋಗ್ತೀನಿ. ಇವತ್ತ ಸಾವ್ಕಾರ್ರು ಲಗೂ ಬಿಟ್ರು ನೋಡ್ರಿ, ಪುಣ್ಯಾ ಬರ್ಲಿ.”

ಮಾಸ್ತರರು ಗಕ್ಕನೆ ತಿರುಗಿದರು. “ಏನಂದಿ? ಲಗೂ? ಭೋಂಗಾ ಬರೋಬ್ಬರಿ ಆರಕ್ಕ ಊದಿತಲ್ಲ?”

“ಯಾವ ಆರೋ ಏನೋ ನನಗ ಗೊತ್ತಿಲ್ರಿ. ದಿನಾ ನಾವು ಹೊರಗ ಬರೋದ್ರಾಗ ಹೊತ್ತು ಮುಳಗಿರತೈತಿ. ಇವತ್ತ ಮುಖಕ್ಕ ಬಿಸಲು ಬಡೀತು. ಎಲ್ಲಾರೂ ಗಾಬರಿ ಆದ್ವಿ.”

ಮಾಸ್ತರರ ತಲೆಯೊಳಗೆ ಏನೋ ಉರುಳಿ ಜಾಗಕ್ಕೆ ಬಿತ್ತು. ದಿನಾ ತಡವಾಗಿ ಊದುವ ಭೋಂಗಾ. ಅದಕ್ಕೆ ಕೂಡಿಸಿದ ಗಡಿಯಾರ ದಿನಾ ಹಿಂದೆ. ಹಿಂದಿರುವ ಗಡಿಯಾರದಲ್ಲಿ ನೋಡಿದರೆ ಚಿಕ್ಕಿಯ ಗ್ರಹಣ ಮುಂಚೆ! ಅವರು ಹಾಲಿನ ಲೋಟ ಹಿಡಿದು ನಿಂತಿದ್ದ ಕೊಟ್ರಬಸಪ್ಪನ ಕೊರಳಪಟ್ಟಿಗೇ ಕೈ ಹಾಕಿದರು.

“ಸಾವ್ಕಾರ್ರ! ಸಂಜಿ ಭೋಂಗಾ ಎಷ್ಟು ತಡಾ ಊದಸ್ತೀರಿ ದಿನಾ?”

“ಎಲ್ಲೈತ್ರಿ ತಡಾ? ಸಾಹೇಬ್ರ ಮುಂದ ಹಂಗನಬ್ಯಾಡ್ರಿ! ಸಾಹೇಬ್ರ, ನೀವ ನೋಡೀರಿ, ಕರೆಕ್ಟ್ ಆರಕ್ಕ ಕೂಲಿಗಳನ್ನ ಬಿಟ್ಟೀನಿ. ಹಂಗಂತ ನಿಮ್ಮ ರಿಪೋರ್ಟಿನ್ಯಾಗ ಬರೀರಿ.”

“ಯಾವ ರಿಪೋರ್ಟು?” ಎಂದರು ಪ್ರೊಫೆಸರರು.

“ಕೂಲಿ ಟೈಮು ನೋಡಾಕ ಬಂದ ಇನ್‌ಸ್ಪೆಕ್ಟರ್ ಅಲ್ಲೇನ್ರಿ ನೀವು?”

“ನಾನೇ? ನಾನು ಕಾಲೇಜಿನಲ್ಲಿ ಪಾಠ ಹೇಳುವವನಪ್ಪ.”

ಕೊಟ್ರಬಸಪ್ಪ ಪ್ರೊಫೆಸರರತ್ತ ಚಾಚಿದ್ದ ಹಾಲಿನ ಲೋಟವನ್ನು ಹಿಂದಕ್ಕೆ ತೆಗೆದುಕೊಂಡು, ತಾನೇ ಗಟಗಟ ಕುಡಿದು, ಮೀಸೆ ಒರೆಸಿಕೊಂಡ. ದನಿಯೂ ಒರೆಸಿಕೊಂಡು ಬೇರೆಯಾಯಿತು.

“ಹೌದ್ರಿ, ತಡಾ ಊದಸ್ತೀನಿ. ಇಪ್ಪತ್ತೈದು ಮಿನಿಟು. ಒಮ್ಮೆಲೆ ಅಲ್ಲ, ವರ್ಷಕ್ಕ ಒಂದೀಟು ಒಂದೀಟು. ಏನೀಗ? ಮೋಸ ಅಲ್ಲದು, ಸಾಯಿನ್ಸು! ಗ್ರಹಣದ ವರ್ಷ ಸಾಲಿ ಮುಂದ ಟೇಬಲ್ ಹಾಕ್ಕೊಂಡು ಊರಿಗೆಲ್ಲಾ ಭಾಷಣ ಮಾಡಿದವ್ರು ಯಾರ್ರಿ ಮಾಸ್ತರ? ‘ರೇಡಿಯೋದ ಟೈಮು ನಮ್ಮ ಊರಿಂದಲ್ಲ. ನಮ್ಮ ಊರ ಖರೇ ಟೈಮು ರೇಡಿಯೋಕ್ಕಿಂತ ಇಪ್ಪತ್ತೈದು ಮಿನಿಟು ಹಿಂದ ಐತಿ’ ಅಂದವ್ರು ಯಾರು? ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆ. ಅವತ್ತ ಮನಸಿಗೆ ಹತ್ತಿತು.”

“ಹಂಗಾರ ಮುಂಜಾನಿ ಭೋಂಗಾ?” ಎಂದರು ಮಾಸ್ತರರು.

“ಮುಂಜಾನಿ ಸರಕಾರದ ಟೈಮು. ಸಂಜಿ ನಿಮ್ಮ ಟೈಮು. ಇಬ್ಬರ ಮಾತೂ ನಡಸೀನಿ.”

ಪ್ರೊಫೆಸರರು ಬೆರಳಲ್ಲಿ ಏನೋ ಎಣಿಸಿ ತಲೆಯಾಡಿಸಿದರು. “ಇಪ್ಪತ್ತೈದು ಮಿನಿಟು... ಸರಿಯಾಗಿಯೇ ಇದೆ, ಕುಷ್ಟಗಿಯ ನೆತ್ತಿಗೆ ಸೂರ್ಯ ಅಷ್ಟು ತಡವಾಗಿಯೇ ಬರುತ್ತಾನೆ. ಒಳ್ಳೆಯ ಭಾಷಣ ಮಾಡಿದ್ದೀರಿ, ಮಾಸ್ತರರೇ.”

ಆ ಹೊಗಳಿಕೆ ಮಾಸ್ತರರಿಗೆ ಕಪಾಳಕ್ಕೆ ಹೊಡೆದಂತಾಯಿತು. ಕೊರಳಪಟ್ಟಿಯಿಂದ ಕೈ ತಾನಾಗಿ ಜಾರಿತು. ಆದರೆ ಅವರ ಕಡೆಗೆ ಇನ್ನೊಂದು ಕೈ ಬಂದಿತ್ತು. ದುರುಗವ್ವ ಬೂದಿ ಮೆತ್ತಿದ ಬೆರಳು ನೀಡಿ ನಿಂತಿದ್ದಳು.

“ಅಂದ್ರ ನಮ್ಮ ಹೊತ್ತು ಕದಿಯೋ ಕೀಲಿಕೈ ಕೊಟ್ಟವ್ರು ನೀವ ಏನ್ರಿ ಮಾಸ್ತರ? ಐದು ವರ್ಷ! ಮನಿಗೆ ಹೋಗೋದ್ರಾಗ ನನ್ನ ಕೂಸು ಅತ್ತತ್ತ ಮಲಗಿರತಿತ್ತು. ನೀವಿಲ್ಲಿ ಮಾಳಿಗಿ ಮ್ಯಾಲ ನಿಂತು, ಯಾವ ಚಿಕ್ಕಿ ಯಾವ ಚಿಕ್ಕಿನ ತಿಂತೈತಿ ಅಂತ ನೋಡ್ಕೊಂತ ಕುಂತಿದ್ರಿ!”

ಜೀವಮಾನದಲ್ಲಿ ಮೊದಲ ಸಲ ಮಾಸ್ತರರ ಸಿಟ್ಟು, ಹೋಗಲು ಜಾಗವೇ ಇಲ್ಲದೆ, ತಿರುಗಿ ಅವರ ಮೈಮೇಲೇ ಬಂತು.

ಪ್ರೊಫೆಸರರು ಮರುದಿನ ಮುಂಜಾನೆ ಹೊರಟಾಗ ಮಾಸ್ತರರ ಭುಜ ತಟ್ಟಿದರು. “ನೀವು ಸುಳ್ಳು ಬರೆದಿಲ್ಲ ಅನ್ನುವುದು ಗೊತ್ತಾಯಿತು, ಸಂತೋಷ. ಅಳೆದದ್ದು ಬಹಳ ಚೊಕ್ಕವಾಗಿ ಅಳೆದಿದ್ದೀರಿ. ಏನು ಮಾಡುವುದು, ನೀವು ಅಳೆದದ್ದು ಚಿಕ್ಕಿಯನ್ನಲ್ಲ, ಗಿರಣಿಯನ್ನು. ಅದನ್ನು ಅಚ್ಚು ಹಾಕುವ ಪತ್ರಿಕೆ ನನಗೆ ಗೊತ್ತಿಲ್ಲ.” ಹೋಗುವ ಮುಂಚೆ ತಮ್ಮ ಪೆಟ್ಟಿಗೆಯ ಗಡಿಯಾರಕ್ಕೆ ಮಾಸ್ತರರ ಕೈಗಡಿಯಾರವನ್ನು ತಾವೇ ಮತ್ತೊಮ್ಮೆ ಕೂಡಿಸಿಕೊಟ್ಟರು.

ಸೋಮವಾರ ಶೇಂಗಾ ಹೆಂಗಸರು ಗಿರಣಿಯ ಬಾಗಿಲಿಗೆ ಅಡ್ಡ ಕೂತರು. ದುರುಗವ್ವ ಮುಂದೆ. ಕೊಟ್ರಬಸಪ್ಪ ಮೊದಲು ಬೈದ, ಆಮೇಲೆ ಆರಿಸದೆ ಬಿದ್ದ ಶೇಂಗಾ ಮೂಟೆಗಳ ಮುಖ ನೋಡಿ, ಎರಡೂ ಹೊತ್ತು ರೇಡಿಯೋದ ಟೈಮಿಗೇ ಊದುತ್ತೇನೆಂದು ಒಪ್ಪಿದ. ಕಳೆದ ಐದು ವರ್ಷದ ಹೊತ್ತನ್ನು ಯಾರೂ ವಾಪಸು ಕೊಡಲಿಲ್ಲ. ಆ ಉರಿಯನ್ನು ಸಾವ್ಕಾರ ಮಾಸ್ತರರ ಮೇಲೆ ತೀರಿಸಿಕೊಂಡ: ಮಾಳಿಗೆಗೆ ಬೀಗ ಬಿತ್ತು. ದುರ್ಬೀನು ಶೇಖರಮ್ಮನ ಅಡುಗೆಮನೆಯ ಮೂಲೆಗೆ ಬಂತು. ಅವಳು ಅದರ ಮೇಲೆ ಮಕ್ಕಳ ಒದ್ದೆ ಚಡ್ಡಿ ಹರವಿದಳು.

ಇಷ್ಟಾದರೂ ಮಾಸ್ತರರಿಗೆ ಒಂದು ಸಮಾಧಾನ ಉಳಿದಿತ್ತು. ಆ ಸೋಮವಾರವೇ, ಐದು ವರ್ಷಗಳಲ್ಲಿ ಮೊದಲ ಸಲ, ಅವರು ಪ್ರಾರ್ಥನೆಗೆ ಮುಂಚೆ ಸಾಲೆಯಲ್ಲಿದ್ದರು. ಅಂದು ಹೆಡ್‌ಮಾಸ್ತರ್ ವೆಂಕೋಬಪ್ಪ ಕೊಪ್ಪಳಕ್ಕೆ ದೊಡ್ಡ ಸಾಹೇಬರ ಮೀಟಿಂಗಿಗೆ ಹೋಗಬೇಕಾಗಿತ್ತು. ಆಫೀಸಿಗೆ ಬೀಗ ಜಡಿದು, ಗೋಡೆ ಗಡಿಯಾರ ಒಳಗುಳಿದದ್ದು ನೆನಪಾಗಿ, ಅಂಗಳದಲ್ಲಿದ್ದ ಮಾಸ್ತರರನ್ನು ಕೂಗಿದರು.

“ಹಂಪಣ್ಣ, ಎಷ್ಟಾತ್ರಿ?”

“ಹತ್ತು, ಸರ್,” ಎಂದರು ಮಾಸ್ತರರು, ಹೆಮ್ಮೆಯಿಂದ, ಸೆಕೆಂಡಿನ ತನಕ ಸರಿಯಾಗಿ.

ವೆಂಕೋಬಪ್ಪನವರು ರೂಢಿಯಂತೆ ಇಪ್ಪತ್ತೈದು ಕೂಡಿಸಿದರು. ಕೊಪ್ಪಳದ ಬಸ್ಸು ಇದ್ದದ್ದು ಹತ್ತೂವರೆಗೆ. “ಸತ್ತೆ!” ಎಂದು ಕೂಗಿ ಧೋತರ ಎತ್ತಿಕೊಂಡು ಓಡಿದವರು, ಸ್ಟ್ಯಾಂಡಿನಲ್ಲಿ ಹೊರಟು ನಿಂತಿದ್ದ ಒಂದೇ ಒಂದು ಬಸ್ಸನ್ನು ಹತ್ತಿ ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟಾಗ ಗಂಗಾವತಿ ಬಂದಿತ್ತು.

ಸಂಜೆ ಮೈತುಂಬ ಕೆಂಪು ಧೂಳು, ಕಣ್ಣುತುಂಬ ಕೆಂಪು ಸಿಟ್ಟು ಹೊತ್ತು ಅವರು ಮಾಸ್ತರರ ಮನೆಯ ಬಾಗಿಲಿಗೇ ಬಂದು ನಿಂತರು. ಎದುರಿನ ಗಿರಣಿಯಲ್ಲಿ ಭೋಂಗಾ, ಸರಿಯಾಗಿ ಆರಕ್ಕೆ, ಊದುತ್ತಿತ್ತು. ಅದರ ಮೇಲೂ ಕೇಳುವಂತೆ ಹೆಡ್‌ಮಾಸ್ತರರು ಕಿರಿಚಿದರು:

“ಹಂಪಣ್ಣ! ನಿಮ್ಮ ಗಡಿಯಾರ ಮುಂದ ಐತ್ರಿ!”